ಮಾರಿ ಚಂದ ಇರಬೇಕ್ರೀ

ಸಸ್ತಾಪುರ ಬಂಗ್ಲಾ ಕ್ರಾಸಿನಲ್ಲಿ ಹೆದ್ದಾರಿ ಬಿಟ್ಟು ಬಸವಕಲ್ಯಾಣದ ಕಡೆ ಹೊರಳುವ ಗಾಡಿಗಳನ್ನು ಒಂದು ಕಪ್ ಚಹಾ ಮುಗಿಯುವಷ್ಟು ಹೊತ್ತು ನೋಡಿದರೆ ಸಾಕು, ಗಾಡಿ ಮಾಲಕರಲ್ಲಿ ಎರಡು ಜಾತಿ ಇರುವುದು ಗೊತ್ತಾಗುತ್ತದೆ. (ಕಲ್ಯಾಣದ ನೆಲದಲ್ಲಿ ನಿಂತು ಜಾತಿ ಎಣಿಸುವುದು ತಪ್ಪು, ಶರಣರು ಕ್ಷಮಿಸಬೇಕು.) ಮೊದಲನೆಯವರು ಗಾಡಿಯ ಹಿಂದೆ ನಿಲ್ಲುವವರು. ಎಷ್ಟು ಚೀಲ ಹಿಡಿಯಿತು, ಟೈರು ಎಷ್ಟು ಸವೆಯಿತು, ಹಗ್ಗ ಬಿಗಿಯಾಗಿದೆಯೋ ಇಲ್ಲವೋ, ಇಷ್ಟೇ ಅವರ ಲೋಕ. ಎರಡನೆಯವರು ಗಾಡಿಯ ಮುಂದೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ಕತ್ತು ಓರೆ ಮಾಡಿ ನಿಲ್ಲುವವರು. ಲೋಡು ಹೈದರಾಬಾದಿಗೆ ಹೋಗಿ ಮುಟ್ಟಿತೋ ಇಲ್ಲವೋ ಆಮೇಲಿನ ಮಾತು. "ಮಾರಿ ಚಂದ ಇರಬೇಕ್ರೀ" ಎನ್ನುವುದು ಅವರ ಧರ್ಮ.

ನಮ್ಮ ಮಾಲಕ ಈ ಎರಡನೆಯವ. ಇಂಥವನು ಹುಟ್ಟುವುದಕ್ಕೆ ಬಸವಕಲ್ಯಾಣಕ್ಕಿಂತ ಒಳ್ಳೆಯ ಊರಿಲ್ಲ. ಬೀದರ ಜಿಲ್ಲೆಯ ಒಂದು ತಾಲೂಕು ಕೇಂದ್ರ ಇದು. ಆದರೂ ಬೀದರಿನ 38, ಭಾಲ್ಕಿಯ 39ರ ಜೊತೆಗೆ ತನ್ನದೇ ಒಂದು ಕೆಎ 56 ಪಡೆದುಕೊಂಡಿದೆ ಎಂದರೆ ಇಲ್ಲಿನವರಿಗೆ ಗಾಡಿಯ ಮೇಲೆ ಎಷ್ಟು ಪ್ರೀತಿ ಎಂಬುದನ್ನು ನೀವೇ ಅಂದಾಜು ಮಾಡಿ. ಲಾರಿಗೆ ಬಾಡಿ ಕಟ್ಟುವವರು, ವೆಲ್ಡಿಂಗಿನವರು, ಡೆಂಟಿಂಗ್ ಪೇಂಟಿಂಗಿನವರು, ಸೀಟು ಹೊಲಿಯುವವರು ಎಲ್ಲ ಕೂಗಳತೆಯಲ್ಲಿ. ಬೇರೆ ಊರಿನಲ್ಲಿ ಗಾಡಿಗೆ ಏನಾದರೂ ಮಾಡಿಸಬೇಕೆಂಬ ಆಸೆ ಹುಟ್ಟಿದರೆ ಅದು ಈಡೇರುವಷ್ಟರಲ್ಲಿ ಬುದ್ಧಿ ಬಂದಿರುತ್ತದೆ. ಇಲ್ಲಿ ಬುದ್ಧಿ ಬರುವಷ್ಟು ಸಮಯವನ್ನು ಯಾರೂ ಕೊಡುವುದಿಲ್ಲ.

ಅವನದು ಸೆಕೆಂಡ್ ಹ್ಯಾಂಡ್ ಬೊಲೆರೊ ಪಿಕಪ್. ಆರ್‌ಸಿಯಲ್ಲಿ ಅವನ ಹೆಸರಿನ ಕೆಳಗೇ ಫೈನಾನ್ಸಿನವರ ಹೆಸರೂ ಇದೆ. ಸುಗ್ಗಿಯಲ್ಲಿ ತೊಗರಿ, ಸೋಯಾ. ಉಳಿದ ದಿನ ಸಿಮೆಂಟು, ಟೈಲ್ಸು, ಮದುವೆ ಮನೆಯ ಪಾತ್ರೆ. ಗಾಡಿ ಕೊಂಡು ತಂದ ದಿನ ಮನೆಯವರೆಲ್ಲ ಸೀಟು, ಸ್ಟೀರಿಂಗು ಮುಟ್ಟಿ ನೋಡುತ್ತಿದ್ದರೆ ಇವನೊಬ್ಬ ಬಾನೆಟ್ಟಿನ ಮುಂದೆ ನಿಂತು ಕಂಪನಿ ಹಾಕಿದ ಪ್ಲಾಸ್ಟಿಕ್ ಗ್ರಿಲ್ ನೋಡಿ ಮುಖ ಸಿಂಡರಿಸಿಕೊಂಡ. ಅಂದಿನಿಂದ ಶುರುವಾಯಿತು ಸರ್ವೇ. ಹುಮನಾಬಾದ್ ಬಳಿಯ ಧಾಬಾಗಳಲ್ಲಿ ಗಾಡಿ ನಿಲ್ಲಿಸಿದರೆ ಡ್ರೈವರ್ ಊಟಕ್ಕೆ ಹೋಗುತ್ತಾನೆ, ಇವನು ಪುಣೆ–ಹೈದರಾಬಾದ್ ನಡುವೆ ಓಡಾಡುವ ಗಾಡಿಗಳ ಸಾಲಿನಲ್ಲಿ ಒಂದೊಂದರ ಮುಂದೆಯೂ ಬಗ್ಗಿ, ಸಂತೆಯಲ್ಲಿ ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುವವರಂತೆ ನೋಡುತ್ತ ಹೋಗುತ್ತಾನೆ. ಮೊಬೈಲಿನಲ್ಲಿ ಅವನ ಮಕ್ಕಳ ಫೋಟೊಕ್ಕಿಂತ ಪರರಾಜ್ಯದ ಗಾಡಿಗಳ ಮೂತಿಯ ಫೋಟೊ ಹೆಚ್ಚು.

ತೀರ್ಮಾನ ಕೊನೆಗೆ ಹೊರಬಿತ್ತು. ಪ್ಲಾಸ್ಟಿಕ್ಕಿನ ಪಟ್ಟಿಗಳನ್ನು ತೆಗೆದು ಆ ಜಾಗಕ್ಕೆ ಕಬ್ಬಿಣದ ಜಾಲಿ ಕೂಡಿಸುವುದು. ಸೊಳ್ಳೆ ಬರುತ್ತದೆ, ಕಿಟಕಿಗೆ ಜಾಲಿ ಹಾಕಿಸಿರಿ ಎಂದು ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಳು. ಜಾಲಿ ಬಂತು, ಆದರೆ ಅದು ರೇಡಿಯೇಟರಿಗೆ.

ಅಂಗಡಿಯಲ್ಲಿ ಮೊದಲು ಅವನ ಕಣ್ಣಿಗೆ ಬಿದ್ದದ್ದು ಅಲ್ಯೂಮಿನಿಯಂ ಜಾಲಿ. ಹಗುರ, ಬೆಳ್ಳಿಯ ಹಾಗೆ ಹೊಳೆಯುತ್ತದೆ. ತಂದು ಉಸ್ತಾದನ ಮುಂದೆ ಹಾಕಿ "ವೆಲ್ಡಿಂಗ್ ಹಿಡೀರಿ" ಎಂದ. ಉಸ್ತಾದ ಅದನ್ನು ಎತ್ತಿ ನೋಡಿ, ತನ್ನ ಸಾದಾ ರಾಡು ತೋರಿಸಿ, "ಇದು ಅದಕ್ಕ ಹತ್ತಂಗಿಲ್ಲ ಮಾಲಕ್. ಕರಗಿ ತೂತು ಬೀಳ್ತದ" ಎಂದ. ಎರಡನೆಯ ಸಲ ಬಂದದ್ದು ಜಿಐ ಜಾಲಿ. ಇದಕ್ಕೆ ವೆಲ್ಡಿಂಗ್ ಹತ್ತುತ್ತದೆ, ಆದರೆ ಮೇಲಿನ ಸತುವು ಸುಟ್ಟು ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದವನಿಗೆ ರಾತ್ರಿ ಚಳಿಜ್ವರ. "ನಿಮ್ಮ ಗಾಡಿ ಮಾರಿ ಚಂದ ಆಗ್ಲಿಕ್ಕಿ ನಾ ಯಾಕ ಹಾಸಿಗಿ ಹಿಡೀಬೇಕ್ರಿ?" ಎಂಬ ಪ್ರಶ್ನೆಗೆ ಉತ್ತರ ಇರಲಿಲ್ಲ. ಮೂರನೆಯದಾಗಿ ಹಳೆಯ ಸಾದಾ ಎಂಎಸ್ ಡೈಮಂಡ್ ಜಾಲಿಯೇ ಗತಿಯಾಯಿತು. ಬೇಕಾದದ್ದು ಒಂದು ಅಂಗೈ ಅಗಲ ಹೆಚ್ಚುಕಡಿಮೆಯಾದರೂ ನಡೆಯುವಂಥ ತುಂಡು, ಅಂಗಡಿಯವನು ಕೊಡುವುದು ಎಂಟು ಬೈ ನಾಲ್ಕರ ಇಡೀ ಶೀಟು. ತುಂಡು ಕೇಳುವುದು ಮರ್ಯಾದೆಗೆ ಕಡಿಮೆ ಎಂದು ಶೀಟನ್ನೇ ತಂದ. ಉಳಿದದ್ದು ಈಗ ಕೋಳಿಗೂಡಿನ ಬಾಗಿಲು, ತುಳಸಿಕಟ್ಟೆಯ ಬೇಲಿ, ಬಚ್ಚಲ ಮೋರಿಯ ಮುಚ್ಚಳ ಆಗಿದೆ. ಕಿಟಕಿಗೆ ಮಾತ್ರ ಆಗಲಿಲ್ಲ. ಆ ಕಣ್ಣಿನಲ್ಲಿ ಸೊಳ್ಳೆ ಅಲ್ಲ, ಗುಬ್ಬಿಮರಿಯೂ ತೂರುತ್ತದೆ.

ಡೈಮಂಡ್ ಜಾಲಿಯ ಗುಟ್ಟು ಬಹಳ ಮಂದಿಗೆ ಗೊತ್ತಿರುವುದಿಲ್ಲ. ಅದು ತಂತಿ ಹೆಣೆದದ್ದಲ್ಲ. ತಗಡಿಗೆ ಸಾಲಾಗಿ ಸೀಳು ಕೊಟ್ಟು ಎಳೆದಾಗ ಸೀಳುಗಳು ಬಾಯಿ ಬಿಟ್ಟು ಕಣ್ಣುಗಳಾಗುತ್ತವೆ. ಹಾಗಾಗಿ ಎಲ್ಲಿ ಕತ್ತರಿಸಿದರೂ ಬಿಚ್ಚಿಕೊಳ್ಳುವುದಿಲ್ಲ. ಆದರೆ ಎಳೆಗಳು ಒಂದೇ ಕಡೆಗೆ ವಾಲಿರುತ್ತವೆ. ಒಂದು ಬದಿಯಿಂದ ನೋಡಿದರೆ ಎಲ್ಲ ಬಯಲು, ಶೀಟು ತಿರುವಿ ಹಾಕಿದರೆ ಅರ್ಧ ಬಾಗಿಲು ಮುಚ್ಚಿದ ಹಾಗೆ. ಇದನ್ನು ತಿಳಿದದ್ದೇ ತಡ ನಮ್ಮ ಮಾಲಕ ಮೂರು ದಿನ ವರ್ಕ್‌ಶಾಪಿನಲ್ಲಿ ಠಿಕಾಣಿ ಹೂಡಿದ. ಡೈಮಂಡ್ ನಿಂತಿರಬೇಕೋ ಮಲಗಿರಬೇಕೋ? ನಿಂತರೆ ಗಾಡಿ ಎತ್ತರ ಕಾಣುತ್ತದೆ, ಮಲಗಿದರೆ ಅಗಲ. ರಸ್ತೆಯ ಆಚೆ ಹೋಗಿ ನೋಡಿದ, ಪಾನಂಗಡಿಯ ಮುಂದಿನಿಂದ ನೋಡಿದ, ಕುಕ್ಕರುಗಾಲಿನಲ್ಲಿ ಕೂತು ಎದುರಿನಿಂದ ಬರುವ ಸಣ್ಣ ಕಾರಿನವನಿಗೆ ಹೇಗೆ ಕಂಡೀತು ಎಂದೂ ನೋಡಿದ. ಅಷ್ಟರಲ್ಲಿ ಎರಡು ಲೋಡಿನ ಫೋನು ಬಂದು ಹೋದವು.

ಕಣ್ಣು ಸಣ್ಣದಿದ್ದಷ್ಟೂ ನಾಜೂಕು ಎಂಬುದು ಅವನ ಇನ್ನೊಂದು ಸಿದ್ಧಾಂತ. ಲೆಕ್ಕ ಬೇರೆ ಹೇಳುತ್ತದೆ. ಚೌಕ ಕಣ್ಣಿನ ಹೆಣೆದ ಜಾಲಿಯಲ್ಲಿ ಒಂದು ಮಿ.ಮೀ. ದಪ್ಪದ ತಂತಿಗೆ ಆರು ಮಿ.ಮೀ. ಕಣ್ಣಿದ್ದರೆ ನೂರಕ್ಕೆ 73 ಪಾಲು ಗಾಳಿಗೆ ಬಯಲು. ಅದೇ ತಂತಿ ಇಟ್ಟು ಕಣ್ಣನ್ನು ಎರಡಕ್ಕೆ ಇಳಿಸಿದರೆ ಉಳಿಯುವುದು 44. ಮೇಲೆ ಎರಡು ಕೋಟು ಬಣ್ಣ ಹೊಡೆದರೆ ಇನ್ನೂ ಕಡಿಮೆ. ಉಸ್ತಾದ ಲೆಕ್ಕದ ಗೊಡವೆಗೆ ಹೋಗಲಿಲ್ಲ. ಟೇಬಲ್ ಫ್ಯಾನ್ ಹಾಕಿ, ಎರಡು ತುಂಡು ಜಾಲಿಯನ್ನು ಒಂದಾದ ಮೇಲೊಂದು ಅದರ ಮುಂದೆ ಹಿಡಿದು, ಹಿಂದೆ ಮಾಲಕನ ಅಂಗೈಯನ್ನೇ ಇಡಿಸಿದ. "ಯಾವ್ದು ತಂಪ್ ಅದ, ನೀವೇ ಹೇಳ್ರಿ." ಮಾಲಕ ಕೈ ಸರಿಸಿ, "ದೊಡ್ಡ ಕಣ್ಣಿಂದೇ ಹಾಕ್ರಿ. ಆದ್ರ ಸಣ್ಣದು ಕಂಡಂಗ ಕಾಣ್ಬೇಕು" ಎಂದ.

ಇಂಥ ಗಿರಾಕಿಗಳ ನಡುವೆಯೇ ಬದುಕಿದ ಉಸ್ತಾದನ ಕೈಚಳಕ ನೋಡುವಂಥದ್ದು. ರಟ್ಟಿನ ಡಬ್ಬ ಹರಿದು ಬಾನೆಟ್ಟಿನ ಬಾಯಿಗೆ ಒತ್ತಿ ಹಿಡಿದು, ಅಂಚಿನ ಗುರುತು ಮೂಡಿದಲ್ಲಿ ಕತ್ತರಿಸಿ ಫರ್ಮಾ ಮಾಡಿದ. ಫರ್ಮಾದ ಪ್ರಕಾರ ಸಳಿ ಬಗ್ಗಿಸಿ ಚೌಕಟ್ಟು, ಅದರ ಮೇಲೆ ಜಾಲಿ. ಟಾಕಾ ಹಾಕುವಾಗ ಒಂದೇ ಬದಿಯಿಂದ ಹಾಕುತ್ತ ಹೋಗಲಿಲ್ಲ. ಈ ಮೂಲೆಗೊಂದು, ಎದುರು ಮೂಲೆಗೊಂದು, ಮತ್ತೆ ಈ ಕಡೆ. ಹಾಗೆ ಮಾಡದಿದ್ದರೆ ಕಾವಿಗೆ ಚೌಕಟ್ಟು ಹಪ್ಪಳದ ಹಾಗೆ ಸೊಟ್ಟಾಗುತ್ತದೆ. ತುದಿಗಳ ಚೂಪನ್ನು ಗ್ರೈಂಡರಿನಿಂದ ತಿಕ್ಕಿದ, ರೆಡ್ ಆಕ್ಸೈಡ್ ಬಳಿದ. ಈ ಹೊತ್ತಿನಲ್ಲೆಲ್ಲ ಮಾಲಕ ಪಕ್ಕದಲ್ಲಿ ನಿಂತು ನೋಡುವವರಿಗೆ ಪ್ರವಚನ ಕೊಡುತ್ತಿದ್ದ. ಹನ್ನೆರಡನೇ ಶತಮಾನದಲ್ಲಿ ಇದೇ ಕಲ್ಯಾಣದಾಗ ಮೇದಾರ ಕೇತಯ್ಯ ಬಿದಿರು ಹೆಣೀಲಿಲ್ಲೇನು, ಇದೂ ಕಾಯಕಾನೇ ಅಂತ. ಉಸ್ತಾದ ಕನ್ನಡಕ ಮೇಲೆ ಸರಿಸಿ, "ಕಾಯಕ ನಂದು ಮಾಲಕ್. ನೀವು ಬರೀ ನಿಂತೀರಿ" ಎಂದು ಮತ್ತೆ ಕಿಡಿ ಹಾರಿಸಿದ.

ಜಾಲಿಯ ಮೇಲೆ ಹೆಸರು ಬರೆಸುವುದೂ ಇತ್ತು. ಹುಮನಾಬಾದ್ ಬಳಿಯ ಜಲಸಂಗ್ವಿಯ ಗುಡಿಯಲ್ಲಿ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆ ಇದ್ದಾಳೆ. ಆರನೇ ವಿಕ್ರಮಾದಿತ್ಯನನ್ನು ಹೊಗಳುವ ಆ ಅಕ್ಷರ ಒಂಬೈನೂರು ವರ್ಷದಿಂದ ಅಳಿದಿಲ್ಲ. ನಮ್ಮವನ ಸಮಸ್ಯೆ ಏನೆಂದರೆ ತೂತಿನ ಮೇಲೆ ಅಕ್ಷರ ನಿಲ್ಲುವುದಿಲ್ಲ. ಅವ್ವನ ಹೆಸರೋ, ಮಗಳ ಹೆಸರೋ, ಮನೆದೇವರೋ ಎಂಬ ಜಗಳ ಮನೆಯಲ್ಲಿ ಮುಗಿಯುವ ಲಕ್ಷಣ ಇರಲಿಲ್ಲವಾದ್ದರಿಂದ ತಗಡಿನಲ್ಲಿ ಒಂದು ನಕ್ಷತ್ರ ಕತ್ತರಿಸಿ ನಡುವೆ ಕೂಡಿಸಿದ. ನಕ್ಷತ್ರಕ್ಕೆ ಯಾರೂ ತಕರಾರು ಮಾಡಲಿಲ್ಲ.

ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ಅಷ್ಟರೊಳಗೆ ಜಾಲಿ ಗಾಡಿ ಏರಬೇಕೆಂದು ಹಟ ಹಿಡಿದಿದ್ದ, ಏರಿತು. ಜಾತ್ರೆಗೆ ಹೋಗುವ ಮುಂಜಾನೆ ಪೂಜೆ. ಒಂದು ಮಾರು ಚೆಂಡು ಹೂವಿನ ಹಾರ, ಅದರ ಮೇಲೆ ಇನ್ನೊಂದು, ಪಕ್ಕಕ್ಕೆ ಬಾಳೆಕಂದು, ನಡುವೆ ನಿಂಬೆಹಣ್ಣು ಮೆಣಸಿನಕಾಯಿ. 73 ಪಾಲು ಬಯಲಿನಲ್ಲಿ ಇರುವೆ ತೂರುವಷ್ಟೂ ಸಂದಿ ಉಳಿಯಲಿಲ್ಲ. ಹುಮನಾಬಾದ್ ಇನ್ನೂ ದೂರ ಇರುವಾಗಲೇ ಡ್ರೈವರ್ ಹುಡುಗ ಮೆಲ್ಲಗೆ, "ಮಾಲಕ್ರೀ, ಮುಳ್ಳು ಮ್ಯಾಲ ಹೋಗ್ಲತ್ತದ" ಎಂದ. ಮಾಲಕ ಮುಳ್ಳಿನ ಕಡೆ ನೋಡಲಿಲ್ಲ. ಎದುರಿನಿಂದ ಬಂದ ಲಾರಿಯ ಡ್ರೈವರ್ ತನ್ನ ಗಾಡಿಯ ಮೂತಿ ನೋಡಿದನೋ ಇಲ್ಲವೋ ಎಂದು ಕನ್ನಡಿಯಲ್ಲಿ ಹಿಂತಿರುಗಿ ನೋಡುತ್ತಿದ್ದ.

ಕಬ್ಬಿನ ಹಂಗಾಮಿನಲ್ಲಿ ಮಾತ್ರ ಜಾಲಿ ತನ್ನ ಬೆಲೆ ತೋರಿಸಿತು ಎಂದು ಒಪ್ಪಬೇಕು. ಸಕ್ಕರೆ ಕಾರ್ಖಾನೆ ಕಡೆ ಹೋಗುವ ಟ್ರಾಕ್ಟರುಗಳಿಂದ ರವದಿ ಹಾರಿ ರಸ್ತೆಯ ತುಂಬ ತೇಲಾಡುತ್ತದೆ. ಬೇರೆ ಗಾಡಿಗಳಲ್ಲಿ ಅದು ನೇರ ಒಳಗೆ ಹೋಗಿ ರೇಡಿಯೇಟರಿನ ಸಣ್ಣ ಹಲ್ಲುಗಳಿಗೆ ಸಿಕ್ಕಿಕೊಂಡರೆ ಇವನ ಗಾಡಿಯಲ್ಲಿ ಜಾಲಿಯ ಹೊರಗೇ ನಿಂತಿತು. ದಿನಾ ಸಂಜೆ ಕೈಯಿಂದ ಸವರಿ ಕಿತ್ತರೆ ಆಯಿತು. ಕೀಳುವವನು ಡ್ರೈವರ್, ಅದರ ಕೀರ್ತಿ ಮಾಲಕನದು.

ಆದರೆ ಪಾಸಿಂಗ್ ಎಂಬುದೊಂದು ಇದೆಯಲ್ಲ. ಬಾಡಿಗೆ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸಬೇಡಿ ಎನ್ನುತ್ತದೆ. 2017ರ ಡಿಸೆಂಬರಿನಲ್ಲಿ ಬಂಪರ್ ಮುಂದಿನ ಬುಲ್ ಗಾರ್ಡುಗಳ ಮೇಲೆ ಕ್ರಮ ಜರುಗಿಸಿ ಎಂದು ಕೇಂದ್ರದಿಂದ ರಾಜ್ಯಗಳಿಗೆ ಪತ್ರ ಹೋದಾಗ ಇವನ ಗಾಡಿಗಿದ್ದ ಗಾರ್ಡೂ ಗುಜರಿಗೆ ಹೋಗಿತ್ತು. ಜಾಲಿ ಗಾರ್ಡಲ್ಲ ಎಂಬುದು ಅವನ ವಾದ; ಆದರೂ ಪಾಸಿಂಗಿನ ಹಿಂದಿನ ರಾತ್ರಿ ಹತ್ತು ನಂಬರ್ ಪಾನಾ ಹಿಡಿದು ಜಾಲಿ ಬಿಚ್ಚುತ್ತಾನೆ. ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟ ಕಂಪನಿ ಗ್ರಿಲ್ ಇಳಿಯುತ್ತದೆ. ಅದರ ಎರಡು ಲಾಕು ಮುರಿದಿರುವುದರಿಂದ ತಂತಿ ಬಿಗಿದು ನಿಲ್ಲಿಸಬೇಕು. ಗಾಡಿ ಆ ದಿನವೆಲ್ಲ ಅತ್ತೆ ಮನೆಗೆ ಬಂದ ಅಳಿಯನ ಗಾಂಭೀರ್ಯದಲ್ಲಿ ನಿಂತಿರುತ್ತದೆ. ಮಾಲಕ ಮಾತ್ರ ಅದರ ಮುಂದೆ ಸುಳಿಯುವುದಿಲ್ಲ, ಹಿಂದೆ ನಿಂತಿರುತ್ತಾನೆ. ಸಂಜೆಗೆ ಜಾಲಿ ಮತ್ತೆ ಸ್ವಸ್ಥಾನಕ್ಕೆ.

ಇಷ್ಟೆಲ್ಲ ಖರ್ಚು ಯಾಕಪ್ಪಾ ಎಂದು ಒಂದು ದಿನ ಚಹಾದಂಗಡಿಯಲ್ಲಿ ಹಿರಿಯರೊಬ್ಬರು ಕೇಳಿದರು. ಇವನು ಬೆರಳು ಮಡಿಸಿದ. "ಇಂಜಿನ್ ಫೈನಾನ್ಸಿನವರದು. ಚಾಸಿ ಅವರದೇ. ಒಳಗಿನ ಮಾಲು ಅಡತಿಯವರದು, ರೋಡ್ ಸರ್ಕಾರದ್ದು. ಜಾಲಿಗಿ ಲೋನ್ ಇಲ್ರೀ ಕಾಕಾ." ಹಿರಿಯರು ಬಸಿಯಲ್ಲಿ ಸುರಿದ ಚಹಾ ಆರಿಸುತ್ತ ಸುಮ್ಮನಾದರು.

ಕಂತು ಮುಗಿದ ವರ್ಷವೇ ಹುಮನಾಬಾದಿನ ಗಿರಾಕಿಯೊಬ್ಬ ಗಾಡಿ ಕೇಳಿಕೊಂಡು ಬಂದ. ಅವನು ಮೊದಲನೆಯ ಜಾತಿ. ಟೈರು ಒದ್ದು ನೋಡಿ, ಇಂಜಿನ್ ಶಬ್ದ ಕೇಳಿ, ಕೆಳಗೆ ತೂರಿ ಎಣ್ಣೆ ಸೋರುತ್ತದೋ ನೋಡಿದ. ಮುಂದೆ ಬರಲೇ ಇಲ್ಲ. ರೇಟು ಕುದುರಿತು. ಆಗ ನಮ್ಮ ಮಾಲಕ ಹತ್ತು ನಂಬರ್ ಪಾನಾ ತೆಗೆದ. "ಜಾಲಿ ಬರಂಗಿಲ್ರಿ. ಕಂಪನಿದು ಅದ, ಅದು ಹಾಕಿ ಕೊಡ್ತೀನಿ." ಗಿರಾಕಿಗೆ ಅಲ್ಲಿ ಜಾಲಿ ಇದ್ದದ್ದೇ ಆಗ ತಿಳಿಯಿತು. ಆ ಅವಮಾನವನ್ನು ನಮ್ಮವ ಇನ್ನೂ ಮರೆತಿಲ್ಲ.

ಈಗ ಹೊಸ ಪಿಕಪ್ ಬಂದಿದೆ, ಹೊಸ ಫೈನಾನ್ಸ್ ಜೊತೆಗೆ. ಮೊದಲ ದಿನವೇ ಹಳೆಯ ಜಾಲಿಯನ್ನು ಹೆಗಲಿಗೇರಿಸಿಕೊಂಡು ಉಸ್ತಾದನ ಬಳಿ ಹೋದ. ಹಿಡಿದು ನೋಡಿದರೆ ಹೊಸ ಗಾಡಿಯ ಬಾಯಿ ಎರಡು ಇಂಚು ಕಿರಿದು. ಉಸ್ತಾದ ಟೇಪ್ ಹಿಡಿದು ಎರಡು ಸಲ ಅಳೆದು, ಕಟ್ಟರಿಗೆ ವೈರ್ ಚುಚ್ಚಿ, ಜಾಲಿಯ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆಯಲು ಬಗ್ಗಿದ. ಮಾಲಕ ಅವನ ಕೈ ಹಿಡಿದುಕೊಂಡ.

"ಜಾಲಿಗಿ ಕೈ ಹಚ್ಚಬ್ಯಾಡ್ರಿ ಉಸ್ತಾದ್. ಗಾಡಿ ಕಟ್ ಮಾಡ್ರಿ."