ಗಾಳ ಅವರದು, ಫೋಟೋ ನಮ್ಮದು

ಮೀನು ಹಿಡಿಯಲು ಏನೇನು ಬೇಕು ಎಂದರೆ ನೀವು ಗಾಳ, ಎರೆಹುಳು, ತಾಳ್ಮೆ ಎನ್ನುತ್ತೀರಿ. ಪಾಪ, ಇನ್ನೂ ಊರ ಕೆರೆ ಏರಿ ಮೇಲೇ ಕೂತಿದ್ದೀರಿ. ಅಮೆರಿಕದಲ್ಲಿ ಬೇಕಾದದ್ದು ಕ್ರೆಡಿಟ್ ಕಾರ್ಡು, ದಪ್ಪ ಸ್ವೆಟರು, ನಡುರಾತ್ರಿ ಎರಡಕ್ಕೆ ಏಳುವ ಹುಚ್ಚು. ಉಳಿದದ್ದು ಕ್ಯಾಪ್ಟನ್ ಪಾಲು.

ಶಿಕಾಗೋದಲ್ಲಿರುವ ಮಗ ನಮ್ಮನ್ನು ಹೀಗೆ ಎಬ್ಬಿಸಿಕೊಂಡು ಮಿಲ್ವಾಕಿಗೆ ಹೋದ. ಮಿಷಿಗನ್ ಸರೋವರ. ಸರೋವರ ಅನ್ನುವುದು ಬರೀ ಸೌಜನ್ಯಕ್ಕೆ. ಸುಮಾರು 58,000 ಚದರ ಕಿಲೋಮೀಟರು; ಕರ್ನಾಟಕವನ್ನು ಮೂರು ಪಾಲು ಮಾಡಿದರೆ ಒಂದು ಪಾಲು ಹೆಚ್ಚುಕಡಿಮೆ ಮುಳುಗಿಹೋಗುತ್ತದೆ. ನಮ್ಮಾಕೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ "ಉಪ್ಪಿಲ್ಲ ಕಣ್ರೀ" ಎಂದ ಮೇಲೇ ಅದು ಸಮುದ್ರವಲ್ಲವೆಂದು ನಾನು ನಂಬಿದ್ದು.

ಇಂಥ ಬಾಡಿಗೆ ದೋಣಿಗೆ ಆರೇ ಗಿರಾಕಿಗಳಂತೆ. ನಾವಿಬ್ಬರು, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಅಲ್ಲಿಗೆ ಭರ್ತಿ. ನಮ್ಮೂರ ಟೆಂಪೋದವನು ನೋಡಿದ್ದರೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಹತ್ತುವಾಗಲೇ ತಕರಾರು. ಬುಟ್ಟಿಯಲ್ಲಿ ಪುಳಿಯೋಗರೆ, ಕೋಡುಬಳೆ, ಒಂದು ಚಿಪ್ಪು ಬಾಳೆಹಣ್ಣು. ಬಾಳೆಹಣ್ಣು ಕಂಡದ್ದೇ ಕ್ಯಾಪ್ಟನ್ ಮುಖ ಕಪ್ಪಿಟ್ಟಿತು. ದೋಣಿಯಲ್ಲಿ ಬಾಳೆಹಣ್ಣಿದ್ದರೆ ಮೀನು ಬೀಳದು ಎನ್ನುವುದು ಅಲ್ಲಿಯ ಗಾಳದವರ ಹಳೇ ನಂಬಿಕೆ. ಮುಂದೆ ಜಿಪಿಎಸ್ಸು, ನೀರಡಿಯ ಮೀನು ತೋರಿಸುವ ಸೋನಾರ್ ಪರದೆ ಇಟ್ಟುಕೊಂಡವನು ಪಚ್ಚಬಾಳೆಗೆ ನಡುಗುತ್ತಾನೆ! "ಬಾಳೆಹಣ್ಣಿಲ್ಲದೆ ನಮ್ಮಲ್ಲಿ ಗಣಪತಿ ಪೂಜೇನೇ ಆಗಲ್ಲ, ಇವನ್ಯಾವ ಸೀಮೆ ಶಾಸ್ತ್ರಿ?" ಎಂದಳು ನಮ್ಮಾಕೆ. ಮಗ ಇದನ್ನು ಇಂಗ್ಲಿಷಿಗೆ ಅನುವಾದಿಸಲಿಲ್ಲ. ಚಿಪ್ಪು ಕಾರಿನ ಡಿಕ್ಕಿ ಸೇರಿತು.

ಹೊರಟ ಮೇಲೆ ನೋಡಿದರೆ ಎಲ್ಲ ನಮ್ಮ ಸತ್ಯನಾರಾಯಣ ಪೂಜೆಯ ಲೆಕ್ಕವೇ. ಮಂತ್ರವೆಲ್ಲ ಪುರೋಹಿತರದು, ಯಜಮಾನ ಹೇಳಿದಾಗ ಅಕ್ಷತೆ ಹಾಕಿದರಾಯಿತು. ದೋಣಿಯ ಹುಡುಗ ಸೀಸದ ಗುಂಡಿನ ಭಾರಕ್ಕೆ ದಾರವನ್ನು ಆಳಕ್ಕಿಳಿಸುತ್ತಾನೆ. ತುದಿಯಲ್ಲಿ ಹುಳುವಲ್ಲ, ಚಮಚೆಯಂಥ ಮಿನುಗುವ ತಗಡು. ದೋಣಿ ಎಮ್ಮೆ ನಡಿಗೆಯಲ್ಲಿ ಸಾಗುತ್ತದೆ. ಕೋಲು ಬಾಗಿದಾಗ ಹುಡುಗ ಕೂಗಿ, ಅದನ್ನು ನಮ್ಮ ಕೈಗಿಟ್ಟು "ಸುತ್ತಿ" ಎನ್ನುತ್ತಾನೆ. ರೀಲು ಸುತ್ತುವುದಷ್ಟೇ ನಮ್ಮ ಪರಾಕ್ರಮ. ಬಲೆಯಲ್ಲಿ ಎತ್ತುವವನೂ ಅವನೇ.

ಅಲ್ಲಿಯ ಸಾಮನ್ ಮೀನೂ ನನ್ನ ಮಗನ ಹಾಗೆ ವಲಸೆಗಾರ. ಅಟ್ಲಾಂಟಿಕ್ ಕಡೆಯಿಂದ ಕಾಲುವೆ ಹಿಡಿದು ನುಗ್ಗಿದ ಏಲ್‌ವೈಫ್ ಎಂಬ ಪುಡಿಮೀನು ಸರೋವರದ ತುಂಬ ಹಬ್ಬಿತ್ತು. 1967ರಲ್ಲಂತೂ ಶಿಕಾಗೋ ದಡದಲ್ಲಿ ರಾಶಿ ರಾಶಿ ಸತ್ತು ನಾರಿತು. ಅವನ್ನು ತಿಂದು ಮುಗಿಸಲಿ ಎಂದು ಹಿಂದಿನ ವರ್ಷವೇ ಪಶ್ಚಿಮ ಕರಾವಳಿಯ ಸಾಮನ್ ಮೊಟ್ಟೆ ತಂದು, ಮರಿ ಮಾಡಿಸಿ ಬಿಟ್ಟಿದ್ದರು. ಕೆಲಸಕ್ಕೆಂದು ಕರೆಸಿದ್ದು, ಬಂದವು ಅಲ್ಲೇ ಬೇರೂರಿದವು. ಈ ಹೋಲಿಕೆಗೆ ಮಗ ನಗಲಿಲ್ಲ. ಸೊಸೆ ನಕ್ಕಳು.

ನನ್ನ ಸರದಿಗೆ ಬಿದ್ದದ್ದು ಮೊಳದುದ್ದದ್ದು, ಬಿಡಿ. ನಮ್ಮಾಕೆ ಮೊದಲು "ನನ್ನ ಕೈಲಿ ಜೀವಹಿಂಸೆ ಮಾಡಿಸಬೇಡಿ" ಎಂದಳು. ಮೊಮ್ಮಗ "ಅಜ್ಜೀ, ಸುಮ್ನೆ ಸುತ್ತು!" ಎಂದು ಕುಣಿದ. ನಲವತ್ತು ವರ್ಷ ದೋಸೆ ಹಿಟ್ಟು ರುಬ್ಬಿದ ಕೈ, ಬಿಟ್ಟೀತೆ? ಮೇಲೆ ಬಂದದ್ದು ಆ ದಿನದ ಅತಿ ದೊಡ್ಡ ಕಿಂಗ್ ಸಾಮನ್. ಕ್ಯಾಪ್ಟನ್ನೇ ಚಪ್ಪಾಳೆ ತಟ್ಟಿದ.

"ಈಗ ಪಾಪ ಯಾರಿಗೆ?" ಎಂದೆ ಮೆಲ್ಲಗೆ.

"ಗಾಳ ಕಟ್ಟಿದವನಿಗೆ."

"ಮೀನು ಹಿಡಿದವರು?"

"ನಾನೇ!" ಎಂದು ಫೋಟೋಗೆ ಸೆರಗು ಸರಿಮಾಡಿಕೊಂಡಳು.

ದಡದಲ್ಲಿ ಹುಡುಗನೇ ಮೀನು ಹೆಚ್ಚಿ ಚೀಲಕ್ಕೆ ತುಂಬಿದ. ಮಗ ಅವನ ಕೈಗೆ ದಕ್ಷಿಣೆ ತುರುಕಿದ. ಅದು ಅಲ್ಲಿಯೂ ಸಂಪ್ರದಾಯ. ಮೀನು ಪಕ್ಕದ ಮನೆಗೆಂದು ತೀರ್ಮಾನವಾಯಿತು.

ಹೆದ್ದಾರಿ ಸೇರುವ ಹೊತ್ತಿಗೆ ಹಿಂದಿನ ಸೀಟಿನಿಂದ ಬಾಳೆಹಣ್ಣಿನ ವಾಸನೆ ಬಂತು. ಚಿಪ್ಪು ಡಿಕ್ಕಿಯಲ್ಲಿತ್ತಲ್ಲ! ತಿರುಗಿ ನೋಡಿದೆ. ನಮ್ಮಾಕೆ ಸ್ವೆಟರಿನ ಜೇಬಿನಿಂದ ತೆಗೆದು ಸಿಪ್ಪೆ ಸುಲಿಯುತ್ತಿದ್ದಳು.

"ಮಾತ್ರೆ ತಗೊಳ್ಳೋ ಮುಂಚೆ ಏನಾದ್ರೂ ತಿನ್ನಬೇಕಲ್ರೀ," ಎಂದಳು.