ಕುಡಿತಕ್ಕೂ ಪಾಸ್‌ಪೋರ್ಟು

ಪ್ರಪಂಚದ ಯಾವ ದೇಶದ ಹೆಸರು ಎತ್ತಿದರೂ ನಮ್ಮ ಭಾವನ ಹತ್ತಿರ ಅದಕ್ಕೊಂದು ಬಾಟಲಿ ತಯಾರಿರುತ್ತದೆ. ರಷ್ಯಾ ಅಂದರೆ ವೋಡ್ಕಾ, ಜರ್ಮನಿ ಅಂದರೆ ಬಿಯರು, ಫ್ರಾನ್ಸ್ ಅಂದರೆ ವೈನು, ಐರ್ಲೆಂಡ್ ಅಂದರೆ ಕೇಳಲೇಬೇಡಿ. “ಅದು ಅವರ ರಕ್ತದಲ್ಲೇ ಬಂದಿದೆ ಕಣಯ್ಯಾ” ಅಂತ ತೀರ್ಪು ಕೊಟ್ಟು ಕಡಲೆಬೀಜದ ತಟ್ಟೆಗೆ ಕೈ ಹಾಕುತ್ತಾರೆ. ಈ ನಾಲ್ಕರಲ್ಲಿ ಒಂದು ದೇಶಕ್ಕೂ ಅವರು ಕಾಲಿಟ್ಟಿಲ್ಲ ಅನ್ನೋದನ್ನ ನಾನು ನೆನಪಿಸೋಕೆ ಹೋಗೋದಿಲ್ಲ. ಅಕ್ಕನ ಮನೆ ಊಟ ಮುಂದೆಯೂ ಬೇಕಲ್ಲ.

ರಕ್ತದ ವಿಚಾರ ಡಾಕ್ಟರಿಗೆ ಬಿಡೋಣ. ನನ್ನ ಪ್ರಕಾರ ಒಂದು ದೇಶ ಏನು ಕುಡಿಯುತ್ತೆ, ಎಷ್ಟು ಹೊತ್ತಿಗೆ ಕುಡಿಯುತ್ತೆ, ಎಷ್ಟು ಗಡಿಬಿಡಿಯಲ್ಲಿ ಕುಡಿಯುತ್ತೆ ಅನ್ನೋದನ್ನೆಲ್ಲ ಬಹುಪಾಲು ಗೊತ್ತು ಮಾಡೋದು ಅಲ್ಲಿನ ಅಬಕಾರಿ ಇಲಾಖೆ. ಜನ ಅದಕ್ಕೆ ಹೊಂದಿಕೊಳ್ಳುತ್ತಾರೆ. ಆಮೇಲೆ ಪಕ್ಕದ ದೇಶದವರು ಬಂದು ಅದಕ್ಕೆ ‘ರಾಷ್ಟ್ರೀಯ ಸ್ವಭಾವ’ ಅಂತ ನಾಮಕರಣ ಮಾಡಿ ಹೋಗುತ್ತಾರೆ.

ಆಸ್ಟ್ರೇಲಿಯಾದವರನ್ನೇ ತಗೊಳ್ಳಿ. ನಿಂತ ಕಾಲಲ್ಲೇ ಗಟಗಟ ಬಿಯರ್ ಇಳಿಸೋ ಒರಟು ಗಂಡಸರು ಅಂತ ಅವರಿಗೆ ಹೆಸರು. ಮೊದಲನೇ ಮಹಾಯುದ್ಧದ ಕಾಲದಲ್ಲಿ, 1916ರಲ್ಲಿ, ಅಲ್ಲಿನ ಹಲವು ರಾಜ್ಯಗಳು ಸಂಜೆ ಆರಕ್ಕೆ ಪಬ್ ಬಾಗಿಲು ಹಾಕಬೇಕು ಅಂತ ಕಾನೂನು ತಂದವು. ಗಂಡಸರು ಬೇಗ ಮನೆ ಸೇರಲಿ, ಹೆಂಡತಿ ಮಕ್ಕಳ ಮುಖ ನೋಡಲಿ ಅನ್ನೋ ಸದುದ್ದೇಶ. ಕೆಲಸ ಬಿಡೋದು ಐದಕ್ಕೆ, ಬಾಗಿಲು ಹಾಕೋದು ಆರಕ್ಕೆ. ಸಂಜೆಯಿಡೀ ನಿಧಾನವಾಗಿ ಕುಡಿಯಬಹುದಾಗಿದ್ದನ್ನ ಅಲ್ಲಿನ ಗಂಡಸು ಒಂದೇ ಗಂಟೆಯಲ್ಲಿ ಕುಡಿಯೋದು ಕಲಿತ. ಪಬ್ಬಿನ ಕುರ್ಚಿ ಮೇಜು ಎತ್ತಿಸಿ ನಿಲ್ಲೋಕೆ ಜಾಗ ಮಾಡಿದರು. ನೀರು ಸುರಿದು ತೊಳೆಯೋಕೆ ಸಲೀಸು ಅಂತ ಗೋಡೆಗೆ ಟೈಲ್ಸ್ ಹಾಕಿಸಿದರು. ಏನನ್ನು ತೊಳೆಯೋಕೆ ಅಂತ ಊಟದ ಹೊತ್ತಲ್ಲಿ ಕೇಳಬೇಡಿ. ಒಂದೊಂದೇ ಗ್ಲಾಸನ್ನು ನಲ್ಲಿಗೆ ಹಿಡಿಯೋ ವ್ಯವಧಾನ ಯಾರಿಗಿದೆ? ಕೌಂಟರಿನವನು ಪೈಪನ್ನೇ ಕೈಯಲ್ಲಿ ಹಿಡಿದು, ಚಾಚಿದ ಗ್ಲಾಸುಗಳ ಸಾಲಿಗೆ ಹೂಕುಂಡಕ್ಕೆ ನೀರು ಬಿಟ್ಟ ಹಾಗೆ ಬಿಯರ್ ಬಿಡುತ್ತಾ ಹೋಗುತ್ತಿದ್ದ. 1956ರಲ್ಲಿ ಮೆಲ್ಬರ್ನ್‌ನ ಒಲಿಂಪಿಕ್ಸ್‌ಗೆ ಜಗತ್ತೆಲ್ಲ ಬಂದಿಳಿದಾಗಲೂ ಆರಕ್ಕೆ ಬಾಗಿಲು. ಆ ಊರಲ್ಲಿ ಇದು ತಪ್ಪಿದ್ದು 1966ರಲ್ಲಿ. ಅರ್ಧ ಶತಮಾನ ಹಾಗೆ ಕುಡಿಸಿ, ‘ಆಸ್ಟ್ರೇಲಿಯಾದವರು ಹುಟ್ಟಾ ಒರಟರು’ ಅಂದುಬಿಟ್ಟರೆ ಆಯಿತೇ?

ಇದಕ್ಕಿಂತ ತಮಾಷೆ ಐಸ್‌ಲೆಂಡಿನದು. 1915ರಲ್ಲಿ ಪೂರ್ತಿ ಪಾನನಿರೋಧ. ಆಗ ಸ್ಪೇನಿನವರು, ನೀವು ನಮ್ಮ ವೈನ್ ಕೊಳ್ಳದಿದ್ದರೆ ನಾವು ನಿಮ್ಮ ಮೀನು ಕೊಳ್ಳೋದಿಲ್ಲ ಅಂತ ಪಟ್ಟು ಹಿಡಿದರು. ಮೀನು ಮಾರದೆ ಆ ದೇಶಕ್ಕೆ ಬದುಕಿಲ್ಲ. ಧರ್ಮ ಸ್ವಲ್ಪ ಪಕ್ಕಕ್ಕೆ ಸರಿಯಿತು, 1922ರಲ್ಲಿ ವೈನ್ ಒಳಗೆ ಬಂತು. 1935ರಲ್ಲಿ ವಿಸ್ಕಿ, ವೋಡ್ಕಾ ಎಲ್ಲವೂ ಬಂದವು. ಬಿಯರ್ ಮಾತ್ರ ಹೊಸ್ತಿಲಾಚೆ! ಅಗ್ಗದ ಮಾಲು, ಹುಡುಗರು ಕೆಡುತ್ತಾರೆ ಅನ್ನೋ ಕಳಕಳಿ. ಹುಡುಗರು ಕೆಡದಿರಲಿ ಅಂತ ವೋಡ್ಕಾ ಕುಡಿಸಿದ ದೇಶ ಅದು. ಪಬ್ಬಿನವರು ಕಾನೂನು ತಡೆಯದ ಸಪ್ಪೆ ಬಿಯರಿಗೆ ವೋಡ್ಕಾ ಬೆರೆಸಿ ಮಾರತೊಡಗಿದರು. 1985ರಲ್ಲಿ ಸರ್ಕಾರ ಅದನ್ನೂ ನಿಲ್ಲಿಸಿತು. ಕೊನೆಗೆ ಬಿಯರಿಗೆ ಬಾಗಿಲು ತೆರೆದದ್ದು 1989ರ ಮಾರ್ಚ್ 1ರಂದು. ಈಗಲೂ ಆ ದಿನವನ್ನು ಹಬ್ಬದಂತೆ ಆಚರಿಸುತ್ತಾರೆ.

ರಷ್ಯಾದ ಅಪಕೀರ್ತಿ ಮಾತ್ರ ಹಳೆಯದು, ಒಪ್ಪಿಕೊಳ್ಳೋಣ. ಕೀವ್‌ನ ರಾಜ ವ್ಲಾದಿಮಿರ್ ತನ್ನ ನಾಡಿಗೊಂದು ಧರ್ಮ ಹುಡುಕುತ್ತಿದ್ದಾಗ ಇಸ್ಲಾಂನಲ್ಲಿ ಹಲವು ಹೆಂಡಿರಿರಬಹುದು ಅಂತ ಕೇಳಿ ಖುಷಿಪಟ್ಟನಂತೆ. ಮದ್ಯ ಮುಟ್ಟುವಂತಿಲ್ಲ ಅಂದ ತಕ್ಷಣ ಬೇಡ ಅಂದನಂತೆ. ಹಳೆಯ ವೃತ್ತಾಂತಗಳಲ್ಲಿ ಹೀಗೆ ಬರೆದಿದೆ. ನಿಜವೋ ಸುಳ್ಳೋ, ಕತೆ ಸೊಗಸಾಗಿದೆ. ಆದರೆ ಆಮೇಲಿನ ತ್ಸಾರ್‌ಗಳು ವೋಡ್ಕಾ ಆದಾಯದಿಂದಲೇ ಖಜಾನೆಯ ದೊಡ್ಡ ಪಾಲು ತುಂಬಿಸಿಕೊಂಡರಲ್ಲ, ಆ ಕತೆಯನ್ನು ಯಾರೂ ಅಷ್ಟು ರಸವತ್ತಾಗಿ ಹೇಳೋದಿಲ್ಲ. 1985ರಲ್ಲಿ ಗೋರ್ಬಚೇವ್ ಬಿಗಿ ಮಾಡಲು ಹೋದರು. ದ್ರಾಕ್ಷಿ ತೋಟಗಳನ್ನು ಕೀಳಿಸಿದರು. ಜನ ಮನೆಯಲ್ಲೇ ಕಳ್ಳಭಟ್ಟಿ ಇಳಿಸಿದರು, ಅಂಗಡಿಯಲ್ಲಿ ಸಕ್ಕರೆ ಮಾಯವಾಯಿತು, ಖಜಾನೆ ಬರಿದಾಯಿತು. ಜನರಲ್ ಸೆಕ್ರೆಟರಿ ಸಾಹೇಬರಿಗೆ ಮಿನರಲ್ ಸೆಕ್ರೆಟರಿ ಅಂತ ಅಡ್ಡಹೆಸರು ಬಿತ್ತು. ಮುಂದೆ ಬಂದವರು ಸದ್ದಿಲ್ಲದೆ ಬೆಲೆ ಏರಿಸಿ, ರಾತ್ರಿ ಮಾರಾಟ ನಿಲ್ಲಿಸಿ ನೋಡಿದರು. 2003ರಿಂದ 2016ರೊಳಗೆ ರಷ್ಯನ್ನರ ತಲಾ ಕುಡಿತ ಶೇಕಡ 43ರಷ್ಟು ಇಳಿಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಹದಿಮೂರು ವರ್ಷದಲ್ಲಿ ಅವರ ರಕ್ತ ಬದಲಾಯಿತೇ ಭಾವ?

ಜರ್ಮನರ ಬಿಯರ್ ಕೀರ್ತಿಯೂ ಸ್ವಲ್ಪ ಸಾಲದ ಒಡವೆಯೇ. ತಲೆಗಿಷ್ಟು ಅಂತ ಲೆಕ್ಕ ಹಾಕಿದರೆ ಹಲವು ದಶಕಗಳಿಂದ ಮುಂದಿರೋದು ಪಕ್ಕದ ಚೆಕ್ ದೇಶದವರು. ಐರ್ಲೆಂಡಿನ ಸಂತ ಪ್ಯಾಟ್ರಿಕ್ ಹಬ್ಬಕ್ಕೆ ಇವತ್ತು ಜಗತ್ತೆಲ್ಲ ಹಸಿರು ಟೋಪಿ ಹಾಕಿಕೊಂಡು ತೂರಾಡುತ್ತದೆ. ಆದರೆ ಐರ್ಲೆಂಡಿನಲ್ಲೇ 1920ರ ದಶಕದಿಂದ 1960ರ ಸುಮಾರಿನವರೆಗೆ ಆ ದಿನ ಪಬ್‌ಗಳಿಗೆ ಬೀಗ. ಫ್ರಾನ್ಸಿನಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಶಾಲೆಯ ಊಟದ ಜೊತೆ ವೈನ್ ಕೊಡಬಾರದು ಅಂತ ಆದೇಶ ಬಂದದ್ದು 1956ರಲ್ಲಿ. ಆದೇಶ ಬಂತು ಅಂದಮೇಲೆ ಅಲ್ಲಿವರೆಗೆ ಕೊಡುತ್ತಿದ್ದರು ಅಂತ ತಾನೇ ಅರ್ಥ? ನಮ್ಮ ಶಾಲೆಯ ಉಪ್ಪಿಟ್ಟಿಗೆ ಮೂಗು ಮುರಿದದ್ದಕ್ಕೆ ಈಗ ಪಶ್ಚಾತ್ತಾಪವೇನೂ ಆಗುತ್ತಿಲ್ಲ.

ನಮ್ಮ ದೇಶಕ್ಕೆ ಬನ್ನಿ. ಭಾರತೀಯರು ಸಾತ್ವಿಕರು, ಕಾಫಿ ಟೀ ಜನ ಅಂತ ನಾವೇ ಹೇಳಿಕೊಳ್ಳೋದು. ಅದು ಪೂರ್ತಿ ಸುಳ್ಳೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15 ದಾಟಿದ ಗಂಡಸರಲ್ಲಿ ಕುಡಿಯುವವರು ಶೇಕಡ 19, ಹೆಂಗಸರಲ್ಲಿ ಶೇಕಡ 1. ಅರುಣಾಚಲಕ್ಕೆ ಹೋದರೆ ಹೆಂಗಸರಲ್ಲೇ ಶೇಕಡ 24. ಅಕ್ಕಿಯಿಂದ ಮನೆಯಲ್ಲೇ ಇಳಿಸಿದ್ದನ್ನು ಕುಡಿಯೋದು ಅಲ್ಲಿ ಅಡಗಿಸಿಡೋ ವಿಷಯವಲ್ಲ. 1960ರಲ್ಲಿ ಹುಟ್ಟಿದಾಗಿನಿಂದ ಪಾನನಿರೋಧ ಇರುವ ಗುಜರಾತಿನಲ್ಲಿ ಆರೋಗ್ಯದ ಕಾರಣಕ್ಕೆ ಕುಡಿಯೋಕೆ ಪರ್ಮಿಟ್ ಸಿಗುತ್ತದೆ. ಇನ್ನು ವಿಸ್ಕಿ! ನಮ್ಮಷ್ಟು ವಿಸ್ಕಿ ಕುಡಿಯೋ ದೇಶ ಭೂಮಿಯ ಮೇಲೆ ಇನ್ನೊಂದಿಲ್ಲ. ಆದರೆ ಅದರಲ್ಲಿ ಬಹುಪಾಲು ಕಬ್ಬಿನ ಕಾಕಂಬಿಯ ಸ್ಪಿರಿಟ್ಟು ಬೆರೆತದ್ದು. ಧಾನ್ಯದ್ದಲ್ಲದ್ದನ್ನ ವಿಸ್ಕಿ ಅಂತ ಮಾರೋಕೆ ಯುರೋಪಿನಲ್ಲಿ ಬಿಡೋದಿಲ್ಲ. ಹೆಮ್ಮೆ ಪಡೋಕೆ ಬೆಂಗಳೂರಿನ ಅಮೃತ್ ಇದೆ. 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋಗೇ ಒಯ್ದು ಬಿಡುಗಡೆ ಮಾಡಿದ ಎದೆಗಾರಿಕೆ ಅದರದ್ದು.

ಕರ್ನಾಟಕದ ಬಡವನ ರುಚಿಯೂ ಗೆಜೆಟ್‌ನಲ್ಲಿ ಪ್ರಕಟವಾದದ್ದೇ. 2007ರ ಜುಲೈ 1ರಂದು ಸಾರಾಯಿ ನಿಷೇಧವಾಯಿತು. ಹಿಂದಿನ ರಾತ್ರಿ ಪ್ಯಾಕೆಟ್ ಸಾರಾಯಿ ಕುಡಿದು ಮಲಗಿದವನು ಬೆಳಗ್ಗೆ ವಿಸ್ಕಿ ಕುಡಿಯೋ ನಾಗರಿಕನಾಗಿ ಎದ್ದ. ಈಗ ಸಂಜೆ ಯಾವುದಾದರೂ ವೈನ್ ಶಾಪ್ ಎದುರು ನಿಂತು ನೋಡಿ. ವೈನ್ ಕೇಳುವವರು ಯಾರೂ ಇಲ್ಲ. ಕಬ್ಬಿಣದ ಜಾಲರಿಯ ಕಿಂಡಿಯಲ್ಲಿ ಮಡಚಿದ ನೋಟು ಒಳಗೆ ಹೋಗುತ್ತೆ, “ನೈಂಟಿ” ಅನ್ನೋ ಒಂದೇ ಮಾತು, ಜ್ಯೂಸಿನ ಡಬ್ಬಿಯಂಥ ಟೆಟ್ರಾ ಪ್ಯಾಕು ಹೊರಗೆ ಬರುತ್ತೆ. ಅಲ್ಲೇ ಪಕ್ಕದಲ್ಲಿ ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್ಟು, ಐದು ರೂಪಾಯಿ ಉಪ್ಪಿನಕಾಯಿ. ನಿಂತಲ್ಲೇ ಎತ್ತಿ, ಬೆರಳು ನೆಕ್ಕಿ, ಮುಖ ಕಿವುಚಿ ಹೊರಟುಬಿಡುತ್ತಾನೆ. ಇವನಿಗೂ ಕೂರೋಕೆ ಕುರ್ಚಿ ಇಲ್ಲ, ಆಸ್ಟ್ರೇಲಿಯಾದವನ ಹಾಗೆಯೇ.

ಕನ್ನಡ ಸಾಹಿತ್ಯದ ಅತಿ ದೊಡ್ಡ ಕುಡುಕ ರತ್ನನನ್ನು ಹುಟ್ಟಿಸಿದ ಜಿ.ಪಿ. ರಾಜರತ್ನಂ ಮದ್ಯ ಮುಟ್ಟದ ಮೇಷ್ಟ್ರು. ಹೆಸರಿಗೂ ಗುಟುಕಿಗೂ ಸಂಬಂಧ ಇರಲೇಬೇಕು ಅನ್ನುವವರು ಈ ಸಂಗತಿಯನ್ನು ಗಂಟು ಹಾಕಿಟ್ಟುಕೊಳ್ಳಬೇಕು. ಸರ್ಕಾರದ್ದಂತೂ ಇನ್ನೂ ಸಮದೃಷ್ಟಿ. ನಿಮ್ಮ ಮಗುವಿಗೆ ‘ಲೇಖಕ್’ ನೋಟ್‌ಬುಕ್ ಮಾರೋ ಸರ್ಕಾರಿ ಕಂಪನಿ ಎಂಎಸ್‌ಐಎಲ್, ರಾಜ್ಯದ ತಾಲ್ಲೂಕು ತಾಲ್ಲೂಕಿನಲ್ಲಿ ಮದ್ಯದಂಗಡಿಯನ್ನೂ ನಡೆಸುತ್ತದೆ. ಚೀಟಿ ವ್ಯವಹಾರವೂ ಉಂಟು.