ಮೂಲೆ ಕತ್ತರಿಸಿಕೊಂಡವರ ಜೊತೆ ಹತ್ತು ನಿಮಿಷ

ಸಹಕಾರನಗರದ ನಮ್ಮ ಮನೆಯ ಬೀರುವಿನಲ್ಲಿ, ಧಾರೆ ಸೀರೆಗೂ ನುಸಿ ಗುಳಿಗೆಗೂ ನಡುವೆ, ಮಗಳ ರದ್ದಾದ ಭಾರತೀಯ ಪಾಸ್‌ಪೋರ್ಟ್ ಮಲಗಿದೆ. ಅದೂ ನಿವೃತ್ತ, ನಾನೂ ನಿವೃತ್ತ. ಮಾತಿಗೆ ಕೂತೆವು.

ನಾನು: ಆರೋಗ್ಯ ಹೇಗಿದೆ?

ಪಾಸ್‌ಪೋರ್ಟ್: ಮೂಲೆ ಕತ್ತರಿಸಿದ್ದಾರೆ, ಮೈಮೇಲೆ ರದ್ದಿನ ಮೊಹರು. ಮಿಕ್ಕಂತೆ ಚೆನ್ನಾಗಿದ್ದೀನಿ ಯಜಮಾನ್ರೇ.

ನಾನು: ಬ್ರಿಟಿಷ್ ಪೌರನ ಹೆಂಡತಿಗೆ ಅಲ್ಲಿನ ಪೌರತ್ವಕ್ಕೆ ಮೂರೇ ವರ್ಷ ಸಾಕು ಅಂತ ಅಳಿಯಂದಿರು ಹೇಳಿದ್ದರಲ್ಲ?

ಪಾಸ್‌ಪೋರ್ಟ್: 1981ರ ಅವರ ಕಾಯ್ದೆ ಹಾಗೇ ಅನ್ನುತ್ತೆ. ಮಿಕ್ಕವರಿಗೆ ಐದು, ಗಂಡ-ಹೆಂಡಿರಿಗೆ ಮೂರು. ಆದರೆ ಅರ್ಜಿ ಹಾಕೋ ದಿನ ಕಾಯಂ ವಾಸದ ಅನುಮತಿ ಕೈಲಿರಬೇಕು. ಮೊದಲು 33 ತಿಂಗಳ ವೀಸಾ, ಆಮೇಲೆ 30 ತಿಂಗಳದ್ದು. ಆ ಅನುಮತಿಗೇ ಐದು ವರ್ಷ. ಆಷಾಢದಲ್ಲಿ ಸೀರೆಗೆ ಬೆಲೆ ಏರಿಸಿ ರಿಯಾಯಿತಿ ಕೊಡ್ತಾರಲ್ಲ, ಹಾಗೆ. ಮಿಕ್ಕವರು ಅದರ ಮೇಲೆ ಇನ್ನೂ ಒಂದು ವರ್ಷ ಕಾಯಬೇಕು, ನಿಮ್ಮ ಮಗಳು ಕಾಯಬೇಕಿರಲಿಲ್ಲ. ಉಳಿತಾಯ ಅಷ್ಟೇ.

ನಾನು: ಪರೀಕ್ಷೆ?

ಪಾಸ್‌ಪೋರ್ಟ್: 24 ಪ್ರಶ್ನೆ, 45 ನಿಮಿಷ, 18 ಸರಿಯಾದರೆ ಪಾಸು. ಎಂಟನೇ ಹೆನ್ರಿಯ ಆರು ಹೆಂಡಿರ ಹೆಸರು ಉರು ಹೊಡೆದಳು. ಇಬ್ಬರ ತಲೆ ತೆಗೆಸಿದ ಮಹಾರಾಯ! ಗಂಡನ ಜೊತೆ ಬಾಳೋಕೆ ಬಂದವಳಿಗೆ ಓದಿಸೋ ಪಾಠ ನೋಡಿ.

ನಾನು: ನನ್ನ ಮಂಡಿ ಆಪರೇಷನ್ ಆದಾಗ ಹತ್ತೇ ದಿನಕ್ಕೆ ಹೊರಟುಬಿಟ್ಟಳು.

ಪಾಸ್‌ಪೋರ್ಟ್: ಅದಕ್ಕೆ ನಾನೇ ಸಾಕ್ಷಿ. ಮೂರು ವರ್ಷಕ್ಕೆ 270 ದಿನ, ಕೊನೇ ವರ್ಷಕ್ಕೆ 90. ಅದಕ್ಕಿಂತ ಹೆಚ್ಚು ಬ್ರಿಟನ್ನಿನ ಹೊರಗಿರಬಾರದು. ಹೊರಟ ದಿನ, ವಾಪಸ್ ಮುಟ್ಟಿದ ದಿನ ಲೆಕ್ಕಕ್ಕಿಲ್ಲ. ಆ ವರ್ಷ ತಮ್ಮನ ಮದುವೆ, ಅಜ್ಜಿಯ ವೈಕುಂಠ ಸಮಾರಾಧನೆ ಅಂತ ದಿನಗಳೆಲ್ಲ ಖರ್ಚಾಗಿದ್ವು. ನೀವು ‘ಇನ್ನೆರಡು ದಿನ ಇದ್ದು ಹೋಗಮ್ಮ’ ಅಂದಿರಿ. ಅವಳು ರಾತ್ರಿ ನನ್ನ ಮೊಹರುಗಳ ಮೇಲೆ ಬೆರಳಿಟ್ಟು ಎಣಿಸ್ತಾ ಕೂತಳು. ಸ್ವಲ್ಪ ಹೆಚ್ಚಾದರೆ ಮನ್ನಿಸೋ ಅಧಿಕಾರ ಅವರಿಗುಂಟು. ಅದನ್ನ ನಂಬಿ 2025ರ ದರದಲ್ಲಿ 1,605 ಪೌಂಡ್ ಕಟ್ಟೋ ಧೈರ್ಯ ಯಾರಿಗಿತ್ತು? ಪೌರತ್ವದ ಸಮಾರಂಭಕ್ಕೆ ಬೇರೆ 130. ಅರ್ಜಿ ಬಿದ್ದರೆ ಆ 130 ಮಾತ್ರ ವಾಪಸ್, ಛತ್ರದ ಅಡ್ವಾನ್ಸ್ ಥರ.

ನಾನು: ನಿಮ್ಮ ಕೊನೇ ಗಳಿಗೆ?

ಪಾಸ್‌ಪೋರ್ಟ್: ರಾಜ ಚಾರ್ಲ್ಸ್‌ಗೂ ಅವರ ವಾರಸುದಾರರಿಗೂ ನಿಷ್ಠೆಯ ಪ್ರಮಾಣ ಮಾಡುವಾಗ ನಾನು ಕೈಚೀಲದಲ್ಲೇ ಇದ್ದೆ. ಇಷ್ಟಪಟ್ಟು ಬೇರೆ ಪೌರತ್ವ ಪಡೆದ ಕ್ಷಣ ಇಲ್ಲಿನದು ತಾನಾಗೇ ಹೋಗುತ್ತೆ. ನಮ್ಮ 1955ರ ಕಾಯ್ದೆಯ 9ನೇ ಸೆಕ್ಷನ್ ಯಾರನ್ನೂ ಕರೆದು ಕೇಳಲ್ಲ. ರಾಜನ ಪಟದ ಪಕ್ಕ ಫೋಟೊ ತೆಗೆಸಿಕೊಳ್ಳೋ ಹೊತ್ತಿಗೆ ನಾನು ಹೋಗಿಬಿಟ್ಟಿದ್ದೆ. ಎಲ್ಲರೂ ಕೇಕ್ ತಿಂತಿದ್ರು.

ನಾನು: ನಿಮ್ಮವರಲ್ಲಿ ಬದುಕುಳಿದವರು?

ಪಾಸ್‌ಪೋರ್ಟ್: ಅಕ್ಷತಾ ಮೂರ್ತಿಯವರದು! 2022ರಲ್ಲಿ ತೆರಿಗೆ ಗಲಾಟೆ ಎದ್ದಾಗ ಆಕೆ ಭಾರತದ ಪೌರರು ಅಂತ ಅವರ ಕಡೆಯವರು ಹೇಳಿದರು. ಅದೇ ವರ್ಷ ಗಂಡ ಬ್ರಿಟನ್ನಿನ ಪ್ರಧಾನಿಯಾದರು. ಆಗ ಡೌನಿಂಗ್ ಸ್ಟ್ರೀಟಿನಲ್ಲಿ ನಮ್ಮ ಕುಲದವನೊಬ್ಬ ಇದ್ದ! ನನಗೆ ಹೊಟ್ಟೆಕಿಚ್ಚು.

ನಾನು: ನಿಮ್ಮ ಜಾಗಕ್ಕೆ ಬಂದವನು?

ಪಾಸ್‌ಪೋರ್ಟ್: ಅವನಿಗೂ ನೀಲಿ ಕೋಟೇ. ನನ್ನ ಕೊನೇ ಪುಟದಲ್ಲಿ ನಿಮ್ಮ ಹೆಸರಿದೆ, ಅಮ್ಮಾವ್ರದು, ಅಳಿಯಂದಿರದು, ಈ ಮನೆ ವಿಳಾಸ, 560092ರ ಸಮೇತ. ಗಂಡನ ಹೆಸರು ಹೇಳಿ ಪಡೆದ ಅವನೊಳಗೆ ಗಂಡನ ಹೆಸರೇ ಇಲ್ಲ.

ನಾನು: ಹೋಗಲಿ, ಸಾಗರೋತ್ತರ ಭಾರತೀಯರ ಓಸಿಐ ಕಾರ್ಡ್ ಬಂತು. ಇನ್ನು ದಿನ ಎಣಿಸೋರಿಲ್ಲ.

ಪಾಸ್‌ಪೋರ್ಟ್: ಯಾವಾಗ ಬೇಕಾದರೂ ಬರಬಹುದು. ಓಟಿಲ್ಲ, ಹೊಲ ಕೊಳ್ಳೋ ಹಾಗಿಲ್ಲ. ಸಹಕಾರನಗರದ ಸುತ್ತ ಹೊಲ ಎಲ್ಲಿ ಉಳಿದಿದೆ ಬಿಡಿ.

ಅಷ್ಟರಲ್ಲಿ ನಡುಮನೆಯಿಂದ ನನ್ನವಳ ದನಿ. ಮಗಳು ಟಿಕೆಟ್ ಕಳಿಸಿದ್ದಳು: ಡಿಸೆಂಬರ್ 20ಕ್ಕೆ ಬಂದು ಜನವರಿ 3ಕ್ಕೆ ವಾಪಸ್. ಇವಳು ಕ್ಯಾಲೆಂಡರ್ ಮುಂದೆ ನಿಂತು ಬೆರಳು ಮಡಿಸುತ್ತಿದ್ದಳು.

“ಬರೋ ದಿನ, ಹೋಗೋ ದಿನ ಬಿಟ್ರೆ ಹದಿಮೂರೇ ಕಣ್ರೀ.”